ನೆರೆಹೊರೆಯ ಬಾಂಧವ್ಯವೂ ಮನೆಯ ಆಚಾರವೂ

(ಶ್ರೀಮಠದ ಮಹೋತ್ಸವದ ನಿಮಿತ್ತವಾಗಿ ಶ್ರೀರಾಮನಗರದಲ್ಲಿ ಮಾಡಿದ ಉಪನ್ಯಾಸ)

 

ಗೃಹಸ್ಥರ ಮನೆಯ ನಿತ್ಯಾಚಾರಕ್ಕೂ ನಿಸರ್ಗದ ಸಂರಕ್ಷಣೆಗೂ ಇರುವ ಸಂಬಂಧವನ್ನು ಕುರಿತು ಈ ಸಭೆಯಲ್ಲಿ ನಾಲ್ಕು ಮಾತುಗಳನ್ನಾಡಬೇಕೆಂದು ನನಗೆ ಅಪ್ಪಣೆಯಾಗಿದೆ. ವ್ಯಾಕರಣ ಸಾಹಿತ್ಯಗಳ ಪಾಠಪ್ರವಚನದಲ್ಲಿ ಕಾಲ ಕಳೆದವನು ಇಂಥ ವಿಷಯವನ್ನು ಕೈಕೊಳ್ಳುವುದೇಕೆಂದು ತಮ್ಮಲ್ಲಿ ಕೆಲವರಿಗೆ ತೋರಬಹುದು. ಆದರೆ ಆಚಾರವೆಂಬುದು ಹೇಗೆ ಹುಟ್ಟುತ್ತದೆ, ಹೇಗೆ ನಿಲ್ಲುತ್ತದೆ, ಹೇಗೆ ಅಳಿದುಹೋಗುತ್ತದೆ ಎಂಬುದು ನಮ್ಮ ಹಿರಿಯರು ಬಹುಕಾಲದಿಂದ ವಿಚಾರ ಮಾಡುತ್ತ ಬಂದ ವಿಷಯವೇ ಆಗಿರುವುದರಿಂದ, ಆ ದಾರಿಯನ್ನೇ ಹಿಡಿದು ನಡೆಯುತ್ತೇನೆ. ತಾವು ಸಾವಧಾನಚಿತ್ತದಿಂದ ಲಾಲಿಸಬೇಕೆಂದು ಪ್ರಾರ್ಥನೆ.

ಮೊದಲು ಒಂದು ಪ್ರಶ್ನೆಯನ್ನು ಎತ್ತಿಕೊಳ್ಳೋಣ. ನೀರನ್ನು ಪೋಲುಮಾಡಬಾರದೆಂಬುದು ಯಾರಿಗೆ ತಿಳಿಯದು? ಅನ್ನವನ್ನು ಚೆಲ್ಲಬಾರದು, ಕಸವನ್ನು ಬೀದಿಗೆ ಎಸೆಯಬಾರದು, ಒಮ್ಮೆ ಬಳಸಿ ಬಿಸುಡುವ ಪ್ಲಾಸ್ಟಿಕ್ ಚೀಲವನ್ನು ಮನೆಗೆ ತರಬಾರದು ಎಂಬ ಮಾತುಗಳನ್ನು ಶಾಲೆಯ ಮಗುವೂ ಒಪ್ಪಿಸುತ್ತದೆ. ಇವುಗಳಿಗೆ ರಾಜಶಾಸನವೂ ಉಂಟು. ನಮ್ಮ ರಾಜ್ಯ ಸರಕಾರವು ೨೦೧೬ನೆಯ ಇಸವಿಯಲ್ಲಿಯೇ ಪ್ಲಾಸ್ಟಿಕ್ ಚೀಲ ತಟ್ಟೆ ಲೋಟಗಳನ್ನು ನಿಷೇಧಿಸಿತು. ಮನೆಯಲ್ಲಿಯೇ ಹಸಿಕಸ ಒಣಕಸಗಳನ್ನು ಬೇರೆ ಮಾಡಿ ಕೊಡಬೇಕೆಂದು ಅದೇ ವರ್ಷ ಕೇಂದ್ರ ಸರಕಾರದ ನಿಯಮವು ಹೊರಟಿತು. ಒಮ್ಮೆ ಬಳಸಿ ಎಸೆಯುವ ಹಲವು ಪ್ಲಾಸ್ಟಿಕ್ ಪದಾರ್ಥಗಳಿಗೆ ೨೦೨೨ನೆಯ ಇಸವಿಯ ಜುಲೈ ೧ರಿಂದ ದೇಶದಲ್ಲೆಲ್ಲ ನಿಷೇಧವಾಯಿತು. ಹೀಗೆ ತಿಳಿವಳಿಕೆಯೂ ಇದೆ, ಆಜ್ಞೆಯೂ ಇದೆ. ಆದರೂ ಒಂದು ಮದುವೆ ಮುಗಿದ ಮರುದಿನ ಕಲ್ಯಾಣಮಂಟಪದ ಹಿಂದಣ ಬಯಲನ್ನು ನೋಡಿದವರು, ಈ ತಿಳಿವಳಿಕೆ ಈ ಆಜ್ಞೆಗಳು ಎಲ್ಲಿಗೆ ಹೋದುವೆಂದು ಆಶ್ಚರ್ಯಪಡಬೇಕಾಗಿದೆ. ಇದಕ್ಕೆ ಕಾರಣವೇನು?

ಶಾಸನವು ಹೊಸ್ತಿಲವರೆಗೆ ಮಾತ್ರ ಬರಬಲ್ಲುದು. ಉಪನ್ಯಾಸವು ಕಿವಿಯವರೆಗೆ ಬಂದು ನಿಲ್ಲುತ್ತದೆ. ಅಡುಗೆಮನೆಯವರೆಗೆ, ಬಚ್ಚಲಮನೆಯವರೆಗೆ, ಹಿತ್ತಲವರೆಗೆ ಹೋಗುವ ಅಧಿಕಾರವು ಬೇರೆಯವರಿಗಿದೆ. ಆ ಅಧಿಕಾರಿಗಳು ಯಾರೆಂದರೆ, ಅತ್ತೆ, ಸೊಸೆ, ತವರಿನಿಂದ ಬಂದ ಅಕ್ಕ, ಹೆಪ್ಪಿಗೆಂದು ಬಟ್ಟಲು ಹಿಡಿದು ಬಂದ ನೆರೆಮನೆಯ ತಾಯಿ, ಹೊಲದ ಬದುವಿನ ಮೇಲೆ ಭೇಟಿಯಾಗುವ ಪಕ್ಕದ ಹೊಲದ ಗೆಳೆಯ. ಹೆಪ್ಪಿನ ಮಾತು ಬಂದಿತು. ಅದನ್ನೇ ದೃಷ್ಟಾಂತವಾಗಿ ತೆಗೆದುಕೊಳ್ಳಬಹುದು. ಹಾಲು ಎಷ್ಟು ಒಳ್ಳೆಯದಾಗಿದ್ದರೂ ತಾನಾಗಿ ಸವಿಯಾದ ಮೊಸರಾಗುವುದಿಲ್ಲ. ಇನ್ನೊಂದು ಮನೆಯ ಮೊಸರು ಒಂದು ಚಮಚೆಯಾದರೂ ಅದಕ್ಕೆ ಬೀಳಬೇಕು. ಹೆಪ್ಪು ಹುಳಿಯಾಗಿದ್ದರೆ ಮೊಸರೂ ಹುಳಿಯಾಗುತ್ತದೆ, ಸಿಹಿಯಾಗಿದ್ದರೆ ಸಿಹಿಯಾಗುತ್ತದೆ. ಮನೆಯ ಆಚಾರವೂ ಹೀಗೆಯೇ ಮನೆಯಿಂದ ಮನೆಗೆ ಹೋಗುತ್ತದೆ. ಆಚಾರವೆಂಬ ಶಬ್ದದ ಮೂಲವಾದ 'ಚರ್' ಧಾತುವಿಗೆ ನಡೆಯುವುದು, ಸಂಚರಿಸುವುದು ಎಂದರ್ಥ. ಒಬ್ಬನು ನಡೆದುದನ್ನು ಕಂಡು ಇನ್ನೊಬ್ಬನು ನಡೆಯುವುದರಿಂದಲೇ ಅದು ಆಚಾರವೆನಿಸುತ್ತದೆ.

ಇದಕ್ಕೆ ನಮ್ಮ ಮಠಗಳ ದಾಸೋಹದ ಪಂಕ್ತಿಯೇ ಪ್ರತ್ಯಕ್ಷ ಪ್ರಮಾಣ. ಪಂಕ್ತಿಯಲ್ಲಿ ಕುಳಿತ ಹಿರಿಯರು ಪ್ರಸಾದವನ್ನು ಒಂದಗುಳೂ ಬಿಡದೆ ಸ್ವೀಕರಿಸಿ, ತಟ್ಟೆಗೆ ನೀರು ಹಾಕಿ ತೊಳೆದು ಕುಡಿಯುವ ಪದ್ಧತಿಯನ್ನು ತಾವೆಲ್ಲರೂ ಬಲ್ಲಿರಿ. ಪಕ್ಕದಲ್ಲಿ ಕುಳಿತ ಐದು ವರ್ಷದ ಮಗುವಿಗೆ ಯಾರೂ ಉಪದೇಶ ಮಾಡುವುದಿಲ್ಲ. ಅದು ಎಡಕ್ಕೆ ನೋಡುತ್ತದೆ, ಬಲಕ್ಕೆ ನೋಡುತ್ತದೆ, ತಾನೂ ತಟ್ಟೆಯನ್ನು ತೊಳೆದು ಕುಡಿಯುತ್ತದೆ. ಅದೇ ಮಗುವು ಬೇರೊಂದು ಮದುವೆಯ ಊಟದಲ್ಲಿ ಎಲೆಯ ತುಂಬ ಅನ್ನ ಬಿಟ್ಟು ಏಳುವುದನ್ನೂ ನಾವು ಕಾಣುತ್ತೇವೆ. ಮಗು ಅದೇ, ಅನ್ನವೂ ಅದೇ. ಬದಲಾದುದು ಎಡಬಲದಲ್ಲಿ ಕುಳಿತವರು ಮಾತ್ರ.

ಈ ಮಾತನ್ನು ಪರದೇಶದ ವಿದ್ವಾಂಸರೂ ಪರೀಕ್ಷಿಸಿ ನೋಡಿದ್ದಾರೆ. ಅಮೇರಿಕಾ ದೇಶದ ಕ್ಯಾಲಿಫೋರ್ನಿಯಾ ಪ್ರಾಂತದಲ್ಲಿ ಸ್ಯಾನ್ ಮಾರ್ಕೋಸ್ ಎಂಬ ಪಟ್ಟಣವಿದೆ. ಅಲ್ಲಿಯ ಮನೆಗಳಲ್ಲಿ ವಿದ್ಯುಚ್ಛಕ್ತಿಯ ವ್ಯಯವು ಯಾವ ಮಾತಿನಿಂದ ಕಡಿಮೆಯಾದೀತೆಂದು ಷುಲ್ಟ್ಸ್, ನೋಲಾನ್, ಚಾಲ್ದೀನಿ ಮೊದಲಾದ ಮನಶ್ಶಾಸ್ತ್ರಜ್ಞರು ಶೋಧನೆ ಮಾಡಿ, ಅದರ ಫಲಗಳನ್ನು ೨೦೦೭ ಮತ್ತು ೨೦೦೮ನೆಯ ಇಸವಿಗಳಲ್ಲಿ ಪ್ರಕಟಿಸಿದರು. ಮನೆಮನೆಯ ಬಾಗಿಲಿಗೆ ಅವರು ಚೀಟಿಗಳನ್ನು ತೂಗಹಾಕಿದರು. ಕೆಲವು ಚೀಟಿಗಳಲ್ಲಿ ನಿಸರ್ಗವನ್ನು ರಕ್ಷಿಸಿರೆಂದಿತ್ತು, ಕೆಲವುಗಳಲ್ಲಿ ಹಣ ಉಳಿಯುವುದೆಂದಿತ್ತು, ಕೆಲವುಗಳಲ್ಲಿ ನಿಮ್ಮ ನೆರೆಹೊರೆಯವರು ಹೀಗೆ ಮಿತವ್ಯಯ ಮಾಡುತ್ತಿದ್ದಾರೆಂದಿತ್ತು. ಜನರನ್ನು ಕೇಳಿದಾಗ, ತಾವು ನೆರೆಯವರನ್ನು ನೋಡಿ ನಡೆಯುವವರಲ್ಲವೆಂದೇ ಹೆಚ್ಚಿನವರು ಹೇಳಿದರು. ಆದರೆ ಮೀಟರನ್ನು ನೋಡಿದಾಗ, ನೆರೆಯವರ ಮಾತುಳ್ಳ ಚೀಟಿಯೇ ಎಲ್ಲಕ್ಕಿಂತ ಹೆಚ್ಚು ಫಲಕೊಟ್ಟಿತ್ತು. ಮನುಷ್ಯನು ತನ್ನ ನಡತೆಯ ಕಾರಣವನ್ನು ತಾನೇ ಅರಿಯನೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ.

ಆ ಶೋಧನೆಯಲ್ಲಿ ಇನ್ನೊಂದು ಸೂಕ್ಷ್ಮವೂ ಹೊರಬಿದ್ದಿತು. ಕೇರಿಯ ಸರಾಸರಿ ವ್ಯಯವಿಷ್ಟೆಂದು ತಿಳಿಸಿದಾಗ, ಹೆಚ್ಚು ಖರ್ಚು ಮಾಡುತ್ತಿದ್ದ ಮನೆಗಳು ಇಳಿಸಿಕೊಂಡವು, ನಿಜ. ಆದರೆ ಮೊದಲೇ ಕಡಿಮೆ ಖರ್ಚು ಮಾಡುತ್ತಿದ್ದ ಮನೆಗಳು, ಎಲ್ಲರೂ ಇಷ್ಟು ಬಳಸುವಾಗ ನಮಗೇಕೆ ಈ ಬಿಗಿತವೆಂದೋ ಏನೋ, ತಮ್ಮ ಖರ್ಚನ್ನು ಏರಿಸಿಕೊಂಡವು! ಅಂಥ ಮನೆಗಳ ಚೀಟಿಯ ಮೇಲೆ ಒಂದು ನಗುಮುಖದ ಚಿತ್ರವನ್ನು ಬರೆದುಕೊಟ್ಟಾಗ ಮಾತ್ರ ಅವು ತಮ್ಮ ಒಳ್ಳೆಯ ಅಭ್ಯಾಸವನ್ನು ಬಿಡಲಿಲ್ಲ. ಒಳ್ಳೆಯದನ್ನು ಮಾಡುವವನಿಗೆ ಒಳ್ಳೆಯದಾಯಿತೆಂದು ಹೇಳುವವರು ಬೇಕು. ಹೇಳುವವರಿಲ್ಲದಿದ್ದರೆ ಸಜ್ಜನನೂ ಸಂತೆಯ ಹಾದಿಯನ್ನೇ ಹಿಡಿಯುತ್ತಾನೆ.

ಇದರಿಂದ ಒಂದು ಮಾತು ಸ್ಪಷ್ಟವಾಗುತ್ತದೆ. ಬಾಂಧವ್ಯವೆಂಬುದು ಒಂದು ಬಲ. ಅದು ಒಳ್ಳೆಯದನ್ನೂ ಹೊತ್ತು ತರುತ್ತದೆ, ಕೆಟ್ಟದ್ದನ್ನೂ ಹೊತ್ತು ತರುತ್ತದೆ. ನಮ್ಮ ಭಾಷೆಯಲ್ಲಿ 'ನೆರೆ' ಎಂಬ ಶಬ್ದಕ್ಕೆ ಪಕ್ಕದ ಮನೆಯೆಂದೂ ಅರ್ಥ, ಹೊಳೆಯ ಪ್ರವಾಹವೆಂದೂ ಅರ್ಥ. ಪ್ರವಾಹವು ಕಾಲುವೆಯಲ್ಲಿ ಹರಿದರೆ ಬೆಳೆಯಾಗುತ್ತದೆ, ದಂಡೆ ಮೀರಿದರೆ ಹಾನಿಯಾಗುತ್ತದೆ. ಈ ಎರಡನೆಯ ಪಕ್ಷವನ್ನು ತಿಳಿಯಲು ನಾವು ಸಾಗರದಾಚೆಗೆ ಹೋಗಬೇಕಾಗಿಲ್ಲ. ಈಗ ನಿಂತಿರುವ ನೆಲದ ಚರಿತ್ರೆಯೇ ಸಾಕು.

ತುಂಗಭದ್ರಾ ಅಣೆಕಟ್ಟಿನ ಕಾರ್ಯವು ೧೯೪೫ನೆಯ ಇಸವಿಯಲ್ಲಿ ಆರಂಭವಾಗಿ, ೧೯೫೩ರಲ್ಲಿ ನೀರು ಕಾಲುವೆಗಳಿಗೆ ಹರಿಯಿತು. ಎಡದಂಡೆಯ ಕಾಲುವೆಯು ಮುನಿರಾಬಾದಿನಿಂದ ಹೊರಟು ನಮ್ಮ ಗಂಗಾವತಿಯ ಸೀಮೆಯನ್ನು ಹಾದು ರಾಯಚೂರಿನ ಕಡೆಗೆ ಇನ್ನೂರು ಕಿಲೋಮೀಟರಿಗೂ ಮಿಕ್ಕಿ ಹರಿಯುತ್ತದೆ. ಇದನ್ನು ರಚಿಸಿದವರ ಸಂಕಲ್ಪವು ಯಾವುದಾಗಿತ್ತೆಂದರೆ, ಬರಗಾಲಕ್ಕೆ ತುತ್ತಾಗುತ್ತಿದ್ದ ಈ ನಾಡಿನಲ್ಲಿ ಸ್ವಲ್ಪ ನೀರನ್ನು ಬಹಳ ಭೂಮಿಗೆ ಹಂಚಿ, ಬಹುಭಾಗದಲ್ಲಿ ಜೋಳ ಹತ್ತಿ ಶೇಂಗಾಗಳಂಥ ಅಲ್ಪಜಲದ ಬೆಳೆಗಳನ್ನು ರಕ್ಷಿಸಬೇಕೆಂಬುದು. ಆಮೇಲೆ ಆಂಧ್ರದ ಕರಾವಳಿಯ ಜಿಲ್ಲೆಗಳಿಂದ ಭತ್ತದ ಕೃಷಿಯಲ್ಲಿ ನಿಪುಣರಾದ ಒಕ್ಕಲಿಗರು ಬಂದು, ಕಾಲುವೆಯ ಪಕ್ಕದಲ್ಲಿ ಭೂಮಿಯನ್ನು ಕೊಂಡು, ಕ್ಯಾಂಪುಗಳನ್ನು ಕಟ್ಟಿ ನೆಲಸಿದರು. ನಮ್ಮ ಶ್ರೀರಾಮನಗರವೂ ಹಾಗೆ ಬೆಳೆದ ಊರುಗಳಲ್ಲೊಂದು. ಅವರ ಪರಿಶ್ರಮವೂ ಕೌಶಲವೂ ಶ್ಲಾಘನೀಯವಾದುವು. ಗಂಗಾವತಿಯು ಭತ್ತದ ಕಣಜವೆಂದು ಹೆಸರಾದುದು ಆ ಬೆವರಿನಿಂದ. ಅವರ ಗದ್ದೆಯನ್ನು ಕಂಡು ಪಕ್ಕದ ಹೊಲದವನು ಮಡಿ ಕಟ್ಟಿದನು, ಅವನನ್ನು ಕಂಡು ಅವನ ಷಡ್ಡಕನು ಸಸಿ ನಾಟಿ ಮಾಡಿದನು. ಯಾವ ಉಪನ್ಯಾಸವೂ ಇಲ್ಲದೆ, ಹೊಲದಿಂದ ಹೊಲಕ್ಕೆ, ನಂಟನಿಂದ ನಂಟನಿಗೆ ಭತ್ತವು ಹಬ್ಬಿತು.

ಇದರ ಫಲವೇನಾಯಿತು? ಕಾಲುವೆಯ ತಲೆಯಲ್ಲಿದ್ದವರಿಗೆ ಐಶ್ವರ್ಯ ಬಂದಿತು. ಕಾಲುವೆಯ ಬಾಲದಲ್ಲಿದ್ದವನಿಗೆ, ಅವನ ಹೆಸರಿನಲ್ಲಿ ಬರೆದ ನೀರು ತಲುಪದೆಹೋಯಿತು. ಮೇಲಿನ ಭಾಗದಲ್ಲಿ ಸದಾ ನೀರು ನಿಂತ ಎಷ್ಟೋ ಭೂಮಿಯು ಜವುಳಾಗಿ, ಉಪ್ಪೇರಿ ಕೆಟ್ಟಿತು. ಇದನ್ನು ನಾನು ಯಾರ ಮೇಲಿನ ದೂರಾಗಿಯೂ ಹೇಳುತ್ತಿಲ್ಲ. ತಲೆಯಲ್ಲಿದ್ದ ಒಕ್ಕಲಿಗನು ದುಷ್ಟನಲ್ಲ. ಅವನು ತನ್ನ ನೆರೆಯವನನ್ನು ನೋಡಿ ನಡೆದನು. ಆದರೆ ನೂರು ಮೈಲು ಕೆಳಗಿನ ಒಕ್ಕಲಿಗನು ಅವನ ನೆರೆಯವನಾಗಿರಲಿಲ್ಲ. ಅವನ ಮನೆಯ ಮದುವೆಗೆ ಇವನು ಹೋಗಿರಲಿಲ್ಲ, ಅವನ ಒಣಗಿದ ಹೊಲದ ಬದುವಿನ ಮೇಲೆ ಇವನು ಕುಳಿತಿರಲಿಲ್ಲ. ಬಾಂಧವ್ಯವು ಎಲ್ಲಿಯವರೆಗೆ ಹೋಗಿತ್ತೋ ಅಲ್ಲಿಯವರೆಗೆ ಸಂಕೋಚವೂ ಹೋಯಿತು, ಅಲ್ಲಿಂದಾಚೆಗೆ ಹೋಗಲಿಲ್ಲ.

ಶರಣಬಂಧುಗಳೇ, ಇಂದಿನ ನನ್ನ ಮಾತಿನ ಸಾರವೆಲ್ಲ ಈ ಒಂದು ವಾಕ್ಯದಲ್ಲಿದೆ. ಮನೆಯ ಆಚಾರವನ್ನು ತಿದ್ದುವ ಬಲವು ಬಾಂಧವ್ಯಕ್ಕೆ ಇದೆ. ಆದರೆ ಆ ಬಾಂಧವ್ಯವು ಎಷ್ಟು ದೂರ ಚಾಚಿದೆಯೋ ಅಷ್ಟೇ ದೂರದವರೆಗಿನ ಕೇಡನ್ನು ಅದು ತಡೆಯಬಲ್ಲುದು. ಕಾಲುವೆಗೆ ಹೇಳಿದುದನ್ನೇ ಮನೆಯ ಬಚ್ಚಲಿಗೂ ಹೇಳಬೇಕು. ನಮ್ಮ ಮನೆಯ ಕೊಳೆನೀರು ನಮ್ಮ ಬಾಗಿಲನ್ನು ಬಿಟ್ಟು ತಗ್ಗಿನ ಕೇರಿಯಲ್ಲಿ ನಿಲ್ಲುತ್ತದೆ. ಆ ಕೇರಿಯಲ್ಲಿ ನಮ್ಮ ಮಗಳನ್ನು ಕೊಟ್ಟಿದ್ದರೆ ನಾವು ಹಾಗೆ ಹರಿಯಬಿಡುತ್ತಿದ್ದೆವೇ? ಒಡೆದ ಗಾಜಿನ ಚೂರನ್ನು ಅನ್ನದ ಮುಸುರೆಯೊಡನೆ ಒಂದೇ ಚೀಲದಲ್ಲಿ ಕಟ್ಟಿ ಎಸೆಯುತ್ತೇವೆ. ಬೆಳಗಾದರೆ ಅದನ್ನು ಬರಿಗೈಯಿಂದ ಬಿಚ್ಚುವ ಪೌರಕಾರ್ಮಿಕ ತಾಯಿಯು ನಮ್ಮ ಸ್ವಂತ ಅಕ್ಕನಾಗಿದ್ದರೆ ನಾವು ಹಾಗೆ ಕಟ್ಟುತ್ತಿದ್ದೆವೇ? ಕಾಯಕದಲ್ಲಿ ಮೇಲುಕೀಳಿಲ್ಲವೆಂದು ನಾವು ವೇದಿಕೆಯ ಮೇಲೆ ಹೇಳುತ್ತೇವೆ. ಆ ಮಾತು ನಿಜವೋ ಸುಳ್ಳೋ ಎಂಬುದು ನಮ್ಮ ಮನೆಯ ಕಸದ ಬುಟ್ಟಿಯಲ್ಲಿ ಕಾಣುತ್ತದೆ.

ಬಾಂಧವ್ಯವು ಇಷ್ಟು ವಿಸ್ತಾರವಾಗಬಲ್ಲುದೇ ಎಂದು ಸಂದೇಹ ಬರಬಹುದು. ೨೦೨೪ನೆಯ ಇಸವಿಯ ಆಗಸ್ಟ್ ೧೦ರ ರಾತ್ರಿಯನ್ನು ಸ್ಮರಿಸಿಕೊಳ್ಳಿರಿ. ತುಂಬಿದ ತುಂಗಭದ್ರೆಯ ೧೯ನೆಯ ಬಾಗಿಲಿನ ಸರಪಳಿ ಕಡಿದು, ಬಾಗಿಲು ಕೊಚ್ಚಿಹೋಗಿ, ಕೂಡಿಟ್ಟ ನೀರು ಹಗಲಿರುಳೂ ಹರಿದುಹೋಗತೊಡಗಿತು. ಸುಮಾರು ಒಂದು ವಾರದ ಮೇಲೆ, ಹರಿಯುವ ನೀರಿನ ನಡುವೆಯೇ ತಾತ್ಕಾಲಿಕ ತಡೆಬಾಗಿಲನ್ನು ಇಳಿಸಿ ಅದನ್ನು ನಿಲ್ಲಿಸುವವರೆಗೆ, ಕೊಪ್ಪಳದವನೂ ರಾಯಚೂರಿನವನೂ ಬಳ್ಳಾರಿಯವನೂ ಆಂಧ್ರ ತೆಲಂಗಾಣಗಳವನೂ ಒಂದೇ ಆತಂಕದಲ್ಲಿ ಕಾಲ ಕಳೆದರು. ಕಾಲುವೆಯ ತಲೆ ಬಾಲಗಳೆಂಬ ಭೇದವು ಆ ವಾರ ಯಾರಿಗೂ ನೆನಪಿಗೆ ಬರಲಿಲ್ಲ. ನಾವೆಲ್ಲರೂ ಒಂದೇ ಕೊಡದ ನೀರನ್ನು ಕುಡಿಯುವವರೆಂಬುದು ಅಂದು ಅರಿವಿಗೆ ಬಂದಿತು. ಆ ಕೊಡವಾದರೂ ವರ್ಷವರ್ಷಕ್ಕೆ ಕಿರಿದಾಗುತ್ತಿದೆ. ಆರಂಭದಲ್ಲಿ ಸುಮಾರು ೧೩೩ ಟಿಎಂಸಿ ನೀರನ್ನು ಹಿಡಿಯುತ್ತಿದ್ದ ಜಲಾಶಯವು ಹೂಳು ತುಂಬಿ ಈಗ ಸುಮಾರು ೧೦೫ ಟಿಎಂಸಿಗೆ ಇಳಿದಿದೆ. ವಿಪತ್ತು ಬಂದಾಗ ಕೂಡಿದ ಮನಸ್ಸುಗಳನ್ನು ವಿಪತ್ತಿಲ್ಲದ ದಿನಗಳಲ್ಲಿಯೂ ಕೂಡಿಸಿಡುವುದೇ ಈಗಿನ ಕಾರ್ಯ.

ಅದು ಸಾಧ್ಯವೆಂಬುದಕ್ಕೆ ನಮ್ಮ ನಾಡಿನಲ್ಲಿಯೇ ಉದಾಹರಣೆಗಳಿವೆ. ತುಮಕೂರು ಜಿಲ್ಲೆಯ ಕುಣಿಗಲ್ ತಾಲ್ಲೂಕಿನಲ್ಲಿ ಪುರವೆಂಬ ಒಂದು ಚಿಕ್ಕ ಹಳ್ಳಿಯಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಹಳ್ಳಿಗಳ ಉಪಯೋಗಕ್ಕಾಗಿ ೧೯೭೪ರಲ್ಲಿ ಅಸ್ತ್ರ ಎಂಬ ವಿಭಾಗವನ್ನು ಸ್ಥಾಪಿಸಿದ ಅಮೂಲ್ಯ ರೆಡ್ಡಿಯವರೂ ಅವರ ಸಹಕಾರಿಗಳೂ ಅಲ್ಲಿ ಸಗಣಿಯ ಅನಿಲದ ಸ್ಥಾವರವನ್ನು ಕಟ್ಟಿಸಿದರು. ಮೊದಲು ಮನೆಮನೆಗೆ ಅಡುಗೆಯ ಅನಿಲ ಕೊಡಬೇಕೆಂದು ಯತ್ನಿಸಿದರು. ಊರಿನ ಸಗಣಿಯಿಂದ ಎಲ್ಲರ ಒಲೆಗೂ ಸಾಕಾಗುವಷ್ಟು ಅನಿಲ ಹುಟ್ಟಲಿಲ್ಲವಾದುದರಿಂದ ಆ ಯತ್ನ ನಿಂತಿತು. ಆಮೇಲೆ ಊರವರೊಡನೆ ವಿಚಾರಮಾಡಿ, ಅದೇ ಅನಿಲದಿಂದ ವಿದ್ಯುತ್ತನ್ನು ಹುಟ್ಟಿಸಿ, ಮನೆಗಳಿಗೆ ದೀಪವನ್ನೂ ಕೊಳವೆಬಾವಿಯ ಶುದ್ಧವಾದ ನೀರನ್ನೂ ಕೊಡುವ ವ್ಯವಸ್ಥೆಯನ್ನು ೧೯೮೭ರಲ್ಲಿ ಮಾಡಿದರು. ಮನೆಯವರು ಸಗಣಿಯನ್ನು ತಂದು ಹಾಕಬೇಕು. ಅನಿಲ ತೆಗೆದ ಮೇಲೆ ಉಳಿದ ಗೊಬ್ಬರವನ್ನು ತಮ್ಮ ಪಾಲಿನಷ್ಟು ಮರಳಿ ಪಡೆಯಬೇಕು. ತಂದ ಶ್ರಮಕ್ಕೆ ಅಲ್ಪಸ್ವಲ್ಪ ಹಣವೂ ದೊರೆಯುತ್ತಿತ್ತು.

ಈ ಏರ್ಪಾಟಿನಲ್ಲಿದ್ದ ಸ್ವಾರಸ್ಯವನ್ನು ಗಮನಿಸಬೇಕು. ಸಗಣಿ ಬಾರದಿದ್ದರೆ ದೀಪವೂ ಇಲ್ಲ, ನಲ್ಲಿಯಲ್ಲಿ ನೀರೂ ಇಲ್ಲ. ಒಂದು ಮನೆಗಲ್ಲ, ಇಡೀ ಊರಿಗೆ. ಆದಕಾರಣ ತನ್ನ ಹಿತಕ್ಕೂ ಊರಿನ ಹಿತಕ್ಕೂ ವಿರೋಧವೇ ಉಳಿಯಲಿಲ್ಲ. ಸಮುದಾಯದ ಸೊತ್ತು ಎಲ್ಲರ ಸ್ವಾರ್ಥದಿಂದ ಹಾಳಾಗಿಯೇ ತೀರುವುದೆಂದು ಹೇಳುವ ಪಂಡಿತರಿದ್ದಾರೆ. ಅಮೂಲ್ಯ ರೆಡ್ಡಿಯವರು ಪುರದ ಅನುಭವವನ್ನು ಬರೆಯುವಾಗ, ಸಮುದಾಯದ ಸೊತ್ತು ಶಾಪವಲ್ಲ, ಆಶೀರ್ವಾದವೂ ಆಗಬಲ್ಲುದೆಂಬ ಅಭಿಪ್ರಾಯವನ್ನು ಕೊಟ್ಟರು. ಅನೇಕ ವರ್ಷಗಳ ಕಾಲ ಆ ಊರಿನ ಹೆಂಗಸರು ಪ್ರತಿದಿನವೂ ಸಗಣಿಯ ಬುಟ್ಟಿ ಹೊತ್ತು ತಂದುದು ಆಜ್ಞೆಗೆ ಅಂಜಿಯಲ್ಲ. ಸಂಜೆ ತನ್ನ ಮನೆಯಲ್ಲಿ ಹತ್ತುವ ದೀಪವೂ ನೆರೆಮನೆಯ ದೀಪವೂ ಒಂದೇ ಬುಟ್ಟಿಯಿಂದ ಹತ್ತುವುವೆಂದು ಅವರು ಕಣ್ಣಾರೆ ಕಂಡಿದ್ದರು.

ನಮ್ಮ ಕೊಪ್ಪಳದ ಗವಿಮಠದ ಜಾತ್ರೆಯನ್ನು ತಾವು ಬಲ್ಲಿರಿ. ಅಲ್ಲಿಯ ಮಹಾದಾಸೋಹಕ್ಕೆ ಸುತ್ತಣ ಹಳ್ಳಿಗಳ ಮನೆಮನೆಯಿಂದ ಲಕ್ಷಗಟ್ಟಲೆ ಜೋಳದ ರೊಟ್ಟಿಗಳು ಬರುತ್ತವೆ. ಯಾರೂ ಕಪ್ಪವೆಂದು ಕೇಳುವುದಿಲ್ಲ. ಓಣಿಯ ತಾಯಂದಿರು ಒಂದು ಕಡೆ ಕೂಡಿ, ಹಾಡುತ್ತ ಮಾತನಾಡುತ್ತ ರೊಟ್ಟಿ ತಟ್ಟುತ್ತಾರೆ. ಮೆರವಣಿಗೆಯಲ್ಲಿ ಬಂಡಿಯ ಮೇಲೆ ಕಳುಹಿಸುತ್ತಾರೆ. ಅದೇ ಬಾಂಧವ್ಯವು ೨೦೧೯ನೆಯ ಇಸವಿಯಲ್ಲಿ ಬೇರೊಂದು ರೂಪವನ್ನು ತಾಳಿತು. ಪೂಜ್ಯ ಅಭಿನವ ಗವಿಸಿದ್ಧೇಶ್ವರ ಮಹಾಸ್ವಾಮಿಗಳು ಹೂಳು, ಜಾಲಿ, ಕಸಗಳಿಂದ ಮುಚ್ಚಿಹೋಗಿದ್ದ ಹಿರೇಹಳ್ಳವನ್ನು ತಾವೇ ಇಳಿದು ಸ್ವಚ್ಛಗೊಳಿಸಲು ತೊಡಗಿದರು. ಅವರನ್ನು ಕಂಡು ಹಳ್ಳಿಯವರೂ ಪಟ್ಟಣದವರೂ ಇಳಿದರು. ಇಪ್ಪತ್ತು ಕಿಲೋಮೀಟರಿಗೂ ಮಿಕ್ಕ ಹಳ್ಳವು ಮತ್ತೆ ಹಳ್ಳದ ರೂಪವನ್ನು ಪಡೆಯಿತು. ಗುರುವು ವೇದಿಕೆಯ ಮೇಲೆ ನಿಂತು ಅಪ್ಪಣೆ ಕೊಡಿಸಿದ್ದರೆ ಜನರು ಕೈಮುಗಿದು ಕೇಳಿ ಮನೆಗೆ ಹೋಗುತ್ತಿದ್ದರೋ ಏನೋ. ಅವರು ಕೆಸರಿನಲ್ಲಿ ನಿಂತುದರಿಂದ ದಂಡೆಯ ಮೇಲೆ ನಿಲ್ಲುವುದು ಉಳಿದವರಿಗೆ ಕಠಿಣವಾಯಿತು.

ಇಷ್ಟು ಹೇಳಿದ ಮೇಲೆ, ಬಾಂಧವ್ಯದ ಬಲವನ್ನು ದುರುಪಯೋಗಪಡಿಸುವ ಒಂದು ಮಾರ್ಗವನ್ನು ಕುರಿತು ಎಚ್ಚರಿಕೆಯ ಮಾತನ್ನು ಹೇಳಲೇಬೇಕು. ಅದು ಅವಮಾನದ ಮಾರ್ಗ. ಬಯಲಿಗೆ ಹೋಗುವವರ ಹಿಂದೆ ಸೀಟಿ ಊದುತ್ತ ಹೋದವರು, ಶೌಚಾಲಯವಿಲ್ಲದ ಬಡವನನ್ನು ಹತ್ತು ಜನರ ಮುಂದೆ ಹಂಗಿಸಿದವರು ನಮ್ಮ ದೇಶದಲ್ಲಿ ಉಂಟು. ಅವಮಾನದಿಂದ ಕಟ್ಟಿಸಿದ ಶೌಚಾಲಯದಲ್ಲಿ ಹೆಚ್ಚುದಿನ ಕಟ್ಟಿಗೆ ಕುಳ್ಳುಗಳೇ ತುಂಬಿರುತ್ತವೆ. ಇದಕ್ಕೆ ಪ್ರತಿಯಾಗಿ ನಮ್ಮ ಕೊಪ್ಪಳ ಜಿಲ್ಲೆಯಲ್ಲಿ ನಡೆದ ಒಂದು ಸಂಗತಿಯನ್ನು ೨೦೧೬ನೆಯ ಇಸವಿಯ ಆಗಸ್ಟ್ ತಿಂಗಳಲ್ಲಿ ದೇಶದ ಪ್ರಧಾನಮಂತ್ರಿಗಳು ತಮ್ಮ ಆಕಾಶವಾಣಿಯ ಭಾಷಣದಲ್ಲಿ ಪ್ರಸ್ತಾಪಿಸಿದರು. ಹದಿನಾರರ ಹರೆಯದ ಒಬ್ಬ ಬಡಮನೆಯ ಹೆಣ್ಣುಮಗಳು, ಮನೆಯಲ್ಲಿ ಶೌಚಾಲಯ ಬೇಕೆಂದು ಅನ್ನ ನೀರು ಬಿಟ್ಟು ಕುಳಿತಳು. ಮನೆಯವರ ಬಳಿ ಹಣವಿರಲಿಲ್ಲ. ಸುದ್ದಿಯು ಗ್ರಾಮ ಪಂಚಾಯತಿಯ ಅಧ್ಯಕ್ಷರಿಗೆ ಮುಟ್ಟಿತು. ಅವರು ಧರ್ಮದಿಂದ ಮುಸಲ್ಮಾನರು, ಹುಡುಗಿ ಹಿಂದೂ ಮನೆಯವಳು. ಅವರು ಹದಿನೆಂಟು ಸಾವಿರ ರೂಪಾಯಿಗಳನ್ನು ಹೊಂದಿಸಿ ಒಂದು ವಾರದಲ್ಲಿ ಶೌಚಾಲಯವನ್ನು ಕಟ್ಟಿಸಿಕೊಟ್ಟರು.

ಇಲ್ಲಿ ಯಾರೂ ಯಾರನ್ನೂ ಹಂಗಿಸಲಿಲ್ಲ. ಮಗಳು ತನ್ನ ತಾಯಿಯ ಮೇಲಿನ ಸಲಿಗೆಯಿಂದ ಹಟ ಹಿಡಿದಳು. ಊರಿನ ಹಿರಿಯರು ತಮ್ಮ ಮಗಳೇ ಹಸಿದಿರುವಳೆಂದು ಭಾವಿಸಿದರು. ಮನೆಯ ಅಭ್ಯಾಸವು ಬದಲಾಗುವುದಕ್ಕೆ ಬೇಕಾದುದು ಇವೆರಡೂ: ಒಳಗಿನಿಂದ ಕೇಳುವ ಒಂದು ದನಿ, ಹೊರಗಿನಿಂದ ನೀಡುವ ಒಂದು ಕೈ. ಹಣವಿಲ್ಲದ ಮನೆಗೆ ಬರಿಯ ಮಾದರಿಯನ್ನು ತೋರಿಸಿ ಸುಮ್ಮನಿರುವ ನೆರೆಯವನು ಅರ್ಧ ನೆರೆಯವನೇ ಸರಿ.

ಹಾಗಾದರೆ ನಾವು ಮಾಡತಕ್ಕುದೇನು? ದೊಡ್ಡ ಸಂಕಲ್ಪಗಳನ್ನು ನಾನು ಸೂಚಿಸುವುದಿಲ್ಲ. ನಾಲ್ಕು ಸಣ್ಣ ಕಾರ್ಯಗಳನ್ನು ಮಾತ್ರ ತಮ್ಮ ಮುಂದಿಡುತ್ತೇನೆ.

ಮೊದಲನೆಯದಾಗಿ, ನಮ್ಮ ಊರುಗಳ ಮಠ ಗುಡಿಗಳಲ್ಲಿ ಮದುವೆ ಮುಂಜಿಗಳಿಗೆ ಹಂಡೆ ಕೊಪ್ಪರಿಗೆಗಳನ್ನು ಎರವಲು ಕೊಡುವ ಪದ್ಧತಿ ಹಿಂದೆ ಇತ್ತು. ಬೆಂಗಳೂರಿನಲ್ಲಿ ಅದಮ್ಯ ಚೇತನವೆಂಬ ಸಂಸ್ಥೆಯವರು ಸಮಾರಂಭಗಳಿಗೆ ಸ್ಟೀಲಿನ ತಟ್ಟೆ ಲೋಟಗಳನ್ನು ಎರವಲಾಗಿ ಕೊಡುವ ಭಂಡಾರವನ್ನು ತೆರೆದು ಅದೇ ಪದ್ಧತಿಗೆ ಹೊಸ ಜೀವ ಕೊಟ್ಟಿದ್ದಾರೆ. ಈ ಮಹೋತ್ಸವದ ನೆನಪಿಗಾಗಿ ಓಣಿಗೊಂದು ತಟ್ಟೆಯ ಭಂಡಾರವನ್ನು ಸ್ಥಾಪಿಸುವುದು ಅಶಕ್ಯವಲ್ಲ. ಮನೆಗೆ ಹತ್ತು ತಟ್ಟೆಯಂತೆ ಐವತ್ತು ಮನೆಯವರು ಕೊಟ್ಟರೆ ಐನೂರು ತಟ್ಟೆಗಳಾಗುತ್ತವೆ. ತಟ್ಟೆಗಾಗಿ ಭಂಡಾರಕ್ಕೆ ಬರುವವರೂ ಮರಳಿ ಕೊಡುವವರೂ ಪರಸ್ಪರ ಮಾತನಾಡುವುದೂ ಒಂದು ಲಾಭವೇ.

ಎರಡನೆಯದಾಗಿ, ಹಿತ್ತಲಿನ ತಿಪ್ಪೆಯನ್ನು ಮತ್ತೆ ಗೌರವಕ್ಕೆ ತರಬೇಕು. ಹಿತ್ತಲಿರುವ ಮನೆಯವರು ಹಿತ್ತಲಿಲ್ಲದ ನೆರೆಯವರ ಹಸಿಕಸಕ್ಕೂ ತಮ್ಮ ಗುಂಡಿಯಲ್ಲಿ ಸ್ಥಳ ಕೊಡಬೇಕು. ಗೊಬ್ಬರವಾದ ಮೇಲೆ ಹಂಚಿಕೊಳ್ಳಬೇಕು. ಬಚ್ಚಲಿನ ನೀರು ಬಾಳೆ ನುಗ್ಗೆಗಳ ಬುಡಕ್ಕೆ ಹೋಗಲಿ. ಆ ನುಗ್ಗೆಯ ಕಾಯಿ ನೆರೆಮನೆಗೆ ಹೋದರೆ, ಆ ಪದ್ಧತಿಯೂ ಅದರ ಹಿಂದೆಯೇ ಹೋಗುತ್ತದೆ.

ಮೂರನೆಯದಾಗಿ, ಒಳ್ಳೆಯದನ್ನು ಮಾಡುವ ಮನೆಯನ್ನು ಗುರುತಿಸಿ ಆಡಬೇಕು. ನಮ್ಮಲ್ಲಿ ದೋಷವನ್ನು ಕಟ್ಟೆಯ ಮೇಲೆ ಆಡುವ ಅಭ್ಯಾಸ ಬಹಳ, ಗುಣವನ್ನು ಆಡುವ ಅಭ್ಯಾಸ ಕಡಿಮೆ. ಮಿತವಾಗಿ ನೀರು ಬಳಸುವ ಬಡ ಮುದುಕಿಯು ತನ್ನನ್ನು ಜಿಪುಣಿಯೆಂದು ತಿಳಿಯಬಾರದು. ಅವಳು ಓಣಿಗೆ ದಾರಿ ತೋರುವವಳೆಂದು ನಾವು ಅವಳಿಗೆ ಹೇಳಬೇಕು. ಸ್ಯಾನ್ ಮಾರ್ಕೋಸಿನ ಚೀಟಿಯ ಮೇಲಿನ ನಗುಮುಖವು ಇಷ್ಟನ್ನೇ ಮಾಡಿತು. ನಮಗೆ ಚೀಟಿಯೂ ಬೇಡ. ನಮ್ಮ ಮುಖಗಳೇ ಇವೆ.

ನಾಲ್ಕನೆಯದು ಎಲ್ಲಕ್ಕಿಂತ ಕಠಿಣವಾದುದು. ಓಣಿಯ ಆಚೆಯ ಓಣಿಗೆ, ಜಾತಿಯ ಆಚೆಯ ಕೇರಿಗೆ, ಕಾಲುವೆಯ ತಲೆಯಿಂದ ಬಾಲಕ್ಕೆ ನಾವು ಹೋಗಿ ಬರಬೇಕು. ವರ್ಷಕ್ಕೊಮ್ಮೆಯಾದರೂ ಮೇಲಿನ ಭಾಗದ ಒಕ್ಕಲು ಕುಟುಂಬಗಳು ಕೆಳಭಾಗದ ಹಳ್ಳಿಗೆ ಹೋಗಿ, ಅಲ್ಲಿಯ ಮನೆಗಳಲ್ಲಿ ಉಂಡು, ಅಲ್ಲಿಯ ತಾಯಂದಿರು ಕುಡಿಯುವ ನೀರಿಗೆ ಎಷ್ಟು ದೂರ ನಡೆಯುತ್ತಾರೆಂದು ನೋಡಿ ಬರಲಿ. ಕ್ಯಾಂಪಿನ ತೆಲುಗು ಮನೆಯವರೂ ಮೂಲ ಊರಿನ ಕನ್ನಡ ಮನೆಯವರೂ ಈಗ ಮೂರು ತಲೆಮಾರಿನಿಂದ ಒಂದೇ ನೀರನ್ನು ಕುಡಿದಿದ್ದಾರೆ. ಭತ್ತದ ಬೇಸಾಯವನ್ನು ಒಬ್ಬರಿಂದೊಬ್ಬರು ಕಲಿತ ಹಾಗೆ ನೀರಿನ ಮಿತವ್ಯಯವನ್ನೂ ಕಲಿಯಬಲ್ಲರು. ಒಮ್ಮೆ ಉಂಡ ಮನೆಯ ನೀರನ್ನು ಕಟ್ಟಲು ಮನುಷ್ಯನಿಗೆ ಕೈ ಬರುವುದಿಲ್ಲ. ಈ ಕಾರ್ಯವನ್ನು ಸರಕಾರದ ಇಲಾಖೆಗಳು ಮಾಡಲಾರವು. ಎಲ್ಲ ಕೇರಿಯವರೂ ಬಂದು ಒಂದೇ ಪಂಕ್ತಿಯಲ್ಲಿ ಕೂಡುವ ಮಠಗಳು ಮಾಡಬಲ್ಲವು.

ಬಂಧುಗಳೇ, ಮಹೋತ್ಸವಗಳು ಬರುತ್ತವೆ, ಹೋಗುತ್ತವೆ. ಚಪ್ಪರವನ್ನು ಬಿಚ್ಚಿದ ಮೇಲೆ ಉಳಿಯುವುದು ಎರಡೇ: ನಾವು ಬಿಟ್ಟುಹೋದ ಕಸ, ಮತ್ತು ನಾವು ಕೂಡಿಸಿಕೊಂಡ ನಂಟು. ನಾಳೆ ಬೆಳಗ್ಗೆ ಈ ಬಯಲನ್ನು ಗುಡಿಸಲು ಪೌರಕಾರ್ಮಿಕರು ಬರುವ ಮೊದಲು, ಸೂರ್ಯೋದಯಕ್ಕೆ ನಾವೆಲ್ಲರೂ ಇಲ್ಲಿ ಸೇರಬೇಕೆಂದು ಶ್ರೀಗಳವರ ಅಪ್ಪಣೆಯಾಗಿದೆ. ಶ್ರೀಗಳವರು ಬರುತ್ತಾರೆ. ತಾವು ಬರುವಾಗ ನೆರೆಮನೆಯವರ ಬಾಗಿಲನ್ನೂ ಬಡಿದು, ಅವರನ್ನೂ ಕರೆದುಕೊಂಡು ಬರಬೇಕೆಂದು ಬಿನ್ನವಿಸಿ, ನನ್ನ ಮಾತುಗಳನ್ನು ಮುಗಿಸುತ್ತೇನೆ.